ಸೊಳ್ಳೆಯೂ ಒಲ್ಲದ ನೀರು

ಶಿಕಾರಿಪುರ
೧೪ ಆಗಸ್ಟ್ ೧೯೯೫, ಶ್ರಾವಣ ಸೋಮವಾರ

ಮೊಮ್ಮಗನ ತೊಟ್ಟಿಲು ತೂಗುತ್ತಾ ಶಿಕಾರಿಪುರದ ದಾರಿಯನ್ನೇ ಮರೆತಿರುವ ಕುಬ್ರಾಗೆ, ನೀಲಾಂಬಿಕ ಮಾಡುವ ಶರಣು, ಸಲಾಂ ಎರಡೂ.

ನಿನ್ನ ಕಾರ್ಡು ಬಂತು. ಅದರ ಮುಕ್ಕಾಲು ಭಾಗ ಸಫೂರಾಳ ಮಗನ ಮೊದಲ ಹಲ್ಲಿಗೇ ಖರ್ಚಾಗಿದೆ. ಅಜ್ಜಿಯಾದವಳು ಇಷ್ಟಾದರೂ ಬರೆಯದಿದ್ದರೆ ಹೇಗೆ, ಇರಲಿ. ಕೊನೆಗೆ ಉಳಿದ ಚೂರು ಜಾಗದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ನಮ್ಮ ಅಂಗಳದ ಕೆಲಸದ ಗುತ್ಯಮ್ಮ ಸೊರಬದ ಸಂತೆಯಲ್ಲಿ ಸಿಕ್ಕಿದ್ದಳು, ನೀಲಕ್ಕನ ಕೈ ಕೆಟ್ಟುಹೋಗಿದೆ ಅಂದಳು, ಈಗ ಹೇಗಿದೆ ಬರೆ ಎಂದು ಕೇಳಿದ್ದೀಯ. ಇದಕ್ಕೆ ಒಂದು ಸಾಲಿನ ಉತ್ತರ ಸಾಕಿತ್ತು. ಆದರೆ ಲಕೋಟೆಯಲ್ಲಿ ಒಂದು ಸಾಲು ಹೋದರೂ ಅದೇ ಅಂಚೆಚೀಟಿ, ನಾಲ್ಕು ಹಾಳೆ ಹೋದರೂ ಅದೇ ಅಂಚೆಚೀಟಿ. ಕೊಟ್ಟ ದುಡ್ಡಿಗೆ ಪೂರಾ ಮಾಲು ತೆಗೆದುಕೊಳ್ಳದೆ ಬಿಡುವವಳೇ ನಾನು? ಅದಕ್ಕೇ ಹಾಳೆ ಹಿಡಿದು ಕುಳಿತಿದ್ದೇನೆ. ನೀನು ನಾಲ್ಕನೇ ಇಯತ್ತೆವರೆಗೆ ನನ್ನ ಪಕ್ಕದಲ್ಲೇ ಕೂತು ಕಲಿತವಳು, ನಿಧಾನಕ್ಕಾದರೂ ನೀನೇ ಓದು. ಅಳಿಯ ಸುಹೇಲನ ಕೈಗೆ ಕೊಟ್ಟರೆ ಅವನು ಸೈಕಲ್ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಓದುತ್ತಾನೆ.

ಗುತ್ಯಮ್ಮ ಹೇಳಿದ್ದು ಸುಳ್ಳಲ್ಲ. ಕೆಟ್ಟಿದ್ದು ನನ್ನ ಎಡ ಅಂಗೈ. ಬಲಗೈಗೂ ಪೆಟ್ಟು ಬಿದ್ದಿತ್ತು, ಆದರೆ ಎಡಗೈಯದು ಬೇರೆಯೇ ಕಥೆ. ಅಂಗೈ ತುಂಬ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು, ಬಿರುಕಿನ ಒಳಗೆ ಕೆಂಪು, ಬೆರಳ ಸಂದಿಯಲ್ಲಿ ಕೀವು, ಎಲ್ಲದರ ಮೇಲೆ ತುರಿಕೆ. ನಮ್ಮ ಪೈಕಿ ಎಡ ಅಂಗೈ ಅಂದರೆ ಏನು ಎಂಬುದು ನಿನಗೆ ಗೊತ್ತು. ಬೆಳಿಗ್ಗೆ ಸ್ನಾನ ಮುಗಿಸಿ ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಆ ಅಂಗೈಯ ಮೇಲಿಟ್ಟು, ನೀರೆರೆದು, ಅದನ್ನೇ ನೋಡುತ್ತಾ ಕೂರಬೇಕು. ತಿಂಡಿ, ಕೆಲಸ, ಜಗಳ ಎಲ್ಲ ಆಮೇಲೆ. ಒಮ್ಮೆ ನೀನು ನಮ್ಮ ಮನೆ ಬಾಗಿಲಲ್ಲಿ ನಿಂತು ನನ್ನ ಪೂಜೆ ಮುಗಿಯುವವರೆಗೆ ಕಾದಿದ್ದೆ. ಆಮೇಲೆ ಹೇಳಿದ್ದೆ, "ಅಂಗೈಯಾಗೇ ಗುಡಿ ಕಟ್ಕೊಂಡೀರಲ್ಲ ನೀಲಕ್ಕ, ಬಾಡಿಗಿ ಇಲ್ಲ, ಬೀಗ ಇಲ್ಲ!" ಅಂತ. ಹೌದು, ರಿಪೇರಿ ಮಾತ್ರ ನಮ್ಮದೇ ಎಂದು ನಾನು ನಕ್ಕಿದ್ದೆ. ಆ ರಿಪೇರಿ ನಿಜವಾಗಿಯೂ ಬಂದು ಕುತ್ತಿಗೆ ಮೇಲೆ ಕೂತಿತು ನೋಡು. ನೀರೆರೆದರೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ. ಲಿಂಗದ ಮೇಲೆ ಇರಬೇಕಾದ ಕಣ್ಣು, ಬಿರುಕಿನ ಮೇಲೆ. ಒಂದು ದಿನ ಉರಿಗೆ ಅಂಗೈ ಮಡಚಿ ಹೋಗಿ ಲಿಂಗ ಜಾರಿ ಮಡಿಲಿಗೆ ಬಿತ್ತು. ಅವತ್ತಿನಿಂದ ಕರಡಿಗೆಯನ್ನು ಎದೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಶಿವಶಿವಾ ಎಂದು ಏಳುತ್ತಿದ್ದೆ. ಮನೆಯವರು, ಪೀಠದ ಮೇಲಿಟ್ಟು ಮಾಡು, ದೇವರೇನು ದೂರು ಬರೆಯುತ್ತಾನೆಯೇ ಅಂದರು. ಅವರು ಹೇಳಿದ್ದು ಸರಿಯೇ ಇರಬಹುದು. ನನಗೆ ಮಾತ್ರ ಅಂಗೈಯ ಪೂಜೆಯಿಲ್ಲದೆ ತಿಂದ ರೊಟ್ಟಿ ಕದ್ದು ತಿಂದ ಹಾಗಿತ್ತು.

ಹಾಗಾಗಿ ನನ್ನ ಮುಂದಿದ್ದ ಪ್ರಶ್ನೆ ಇಷ್ಟೆ, ಕುಬ್ರಾ. ನನ್ನ ಅಂಗೈಗೆ ಲಿಂಗ ಮತ್ತೆ ಬರುತ್ತದೋ ಇಲ್ಲವೋ? ಬರಬೇಕಾದರೆ ನಾನು ಕಟ್ಟಿ ನಿಲ್ಲಿಸಿದ ಜಾಲರಿ ಅಂಗಳವನ್ನು ಮುಚ್ಚಬೇಕೋ?

ಮುಚ್ಚುವುದು ಎಂದು ಬರೆಯುವಾಗಲೂ ಪೆನ್ನು ಹಿಂದೆ ಸರಿಯುತ್ತದೆ. ನೆನಪಿದೆಯಲ್ಲ, ನಮ್ಮ ಅಣ್ಣ ಮನೆ ಕಟ್ಟಿಸುವಾಗ ಗಾಳಿಗಿಂಡಿಗೆ ಸಿಮೆಂಟ್ ಜಾಲರಿ ಶಿವಮೊಗ್ಗದಿಂದ ಲಾರಿಯಲ್ಲಿ ಬಂದಿತ್ತು. ದಾರಿಯಲ್ಲಿ ಅರ್ಧ ಮುರಿದಿದ್ದವು. ಮರಳು ನಮ್ಮಲ್ಲಿದೆ, ನೀರು ನಮ್ಮಲ್ಲಿದೆ, ಜಾಲರಿ ಅಂದರೆ ಸಿಮೆಂಟಿನ ನಡುವೆ ತೂತು. ತೂತು ತರೋಕೆ ಶಿವಮೊಗ್ಗಕ್ಕೆ ಯಾಕೆ ಹೋಗಬೇಕು ಎಂದು ನಾನು ಕೇಳಿದ್ದಕ್ಕೆ ಮೇಸ್ತ್ರಿ ನಕ್ಕ. ಆ ನಗುವೇ ನನ್ನ ಬಂಡವಾಳ. ಶಿರಾಳಕೊಪ್ಪ ರಸ್ತೆಯ ಆ ಮುಳ್ಳುಜಾಗದಲ್ಲಿ ಒಂದು ಕಬ್ಬಿಣದ ಅಚ್ಚು, ನೀನು, ನಾನು. ಇವತ್ತು ಊರಿನ ಅರ್ಧ ಮನೆಗಳು ನಮ್ಮ ತೂತಿನಿಂದ ಉಸಿರಾಡುತ್ತಿವೆ.

ಈಗ ನಿನ್ನ ಕೊಡದ ವಿಚಾರಕ್ಕೆ ಬರುತ್ತೇನೆ. ಕಥೆ ಇರುವುದೇ ಅಲ್ಲಿ.

ನಮ್ಮ ತೊಟ್ಟಿ ನಿನ್ನ ಕಣ್ಣ ಮುಂದಿದೆ ಎಂದುಕೊಳ್ಳುತ್ತೇನೆ. ಅಚ್ಚಿನಿಂದ ಬಿಡಿಸಿದ ಜಾಲರಿ ಮಾರನೆಯ ದಿನ ಆ ತೊಟ್ಟಿಯ ನೀರಿಗಿಳಿದು, ಗಟ್ಟಿಯಾಗುವವರೆಗೆ ಮುಳುಗಿಯೇ ಇರಬೇಕು. ಕ್ಯೂರಿಂಗ್ ತೊಟ್ಟಿ ಅನ್ನುತ್ತೇವಲ್ಲ, ಅದು. ನಾವೆಲ್ಲ ಕೈ ತೊಳೆಯುತ್ತಿದ್ದದ್ದೂ ಅದರಲ್ಲೇ. ಎದುರಿಗೇ ತುಂಬಿ ತುಳುಕುವ ನೀರು, ತಳದ ಮರಳ ಕಾಳು ಎಣಿಸುವಷ್ಟು ತಿಳಿ. ನೀನು ಒಬ್ಬಳು ಮಾತ್ರ ರಸ್ತೆ ದಾಟಿ, ಕೈಪಂಪು ಒತ್ತಿ, ಹಸಿರು ಪ್ಲಾಸ್ಟಿಕ್ ಕೊಡ ತುಂಬಿಸಿ ಸೊಂಟಕ್ಕಿಟ್ಟು ಬಂದು, ಚಪ್ಪರದ ನೆರಳಲ್ಲಿ ಇಡುತ್ತಿದ್ದೆ. ಮಧ್ಯಾಹ್ನದ ನಮಾಜಿಗೆ ಒಮ್ಮೆ, ಚಹಾ ಹೊತ್ತಿನ ನಮಾಜಿಗೆ ಒಮ್ಮೆ, ಆ ನೀರಲ್ಲಿ ಮೊಣಕೈವರೆಗೆ, ಬೆರಳ ಸಂದಿಗೆಲ್ಲ ಬೆರಳಾಡಿಸಿ ತೊಳೆದು ವುಜೂ ಮಾಡುತ್ತಿದ್ದೆ. ಗುತ್ಯಮ್ಮ ನಿನ್ನನ್ನು ಕಾಡುತ್ತಿದ್ದದ್ದು ನೆನಪಿದೆಯೇ? "ರಾಣಿ ಸಾಹೇಬ್ರಿಗೆ ನಮ್ಮ ತೊಟ್ಟಿ ನೀರು ಆಗ್ತಿಲ್ಲ ಮಾರಾಯ್ತಿ, ಬಿಸ್ಲೇರಿ ತರಿಸ್ಬೇಕು!" ಎನ್ನುತ್ತಿದ್ದಳು. ನೀನು ಒಂದು ದಿನ ಎದ್ದು ಹೋಗಿ, ತೊಟ್ಟಿ ನೀರನ್ನು ಬೆರಳಿಗೆ ತಗೊಂಡು ನಾಲಿಗೆ ತುದಿಗೆ ಹಚ್ಚಿ, ಥೂ ಎಂದು ಉಗುಳಿದೆ. "ಬಣ್ಣ, ವಾಸ್ನಿ, ರುಚಿ, ಮೂರರಾಗ ಒಂದು ಕೆಟ್ರೂ ಆ ನೀರು ವುಜೂಕ್ಕೆ ಬರಂಗಿಲ್ಲ ಗುತ್ಯಮ್ಮ. ಇದು ಸೋಪಿನಂಗ ಐತಿ," ಅಂದೆ. ಸೋಪಿನ ಹಾಗಿದ್ದರೆ ಇನ್ನೂ ಲಾಭವಾಯಿತಲ್ಲ, ಸೋಪು ಉಳಿಯಿತು ಎಂದು ಗುತ್ಯಮ್ಮ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಕೊಡದಲ್ಲಿ ಉಳಿದ ನೀರನ್ನು ನೀನು ಚೆಲ್ಲುತ್ತಿರಲಿಲ್ಲ. ಬನ್ರೇ, ಕೈ ಚಾಚ್ರಿ, ಪುಣ್ಯ ಬರ್ತೈತಿ ಎಂದು ಎಲ್ಲರ ಕೈ ಮೇಲೂ ಹೊಯ್ಯುತ್ತಿದ್ದೆ. ನಾವು ಹಾಗೇ ಊಟಕ್ಕೆ ಕೂರುತ್ತಿದ್ದೆವು. ಅದು ಪುಣ್ಯವೋ ಏನೋ, ವಿಚಾರಿಸಿದವರಿಲ್ಲ.

ರಂಜಾನ್ ಮುಗಿಸಿ ನೀನು ಸಫೂರಾಳ ಬಾಣಂತನಕ್ಕೆ ಸೊರಬದ ಬಸ್ಸು ಹತ್ತಿದೆ. ಕೊಡ ಚಪ್ಪರದ ಕೆಳಗೆ ಬೋರಲು ಬಿತ್ತು. ಅದರ ಮೇಲೆ ನಮ್ಮ ಜೊತೆ ಅಚ್ಚಿನ ಕೆಲಸ ಮಾಡುವ ದ್ಯಾಮಮ್ಮ ಒಣಗಲು ಗೋಣಿಚೀಲ ಹಾಕಿದಳು.

ಬೇಸಿಗೆ ಕಾವೇರುವ ಹೊತ್ತಿಗೆ ದ್ಯಾಮಮ್ಮನ ಉಂಗುರದ ಬೆರಳು ಮೊದಲು ಕೆಂಪಾಯಿತು. ಬೆಳ್ಳಿ ಉಂಗುರದ ಕೆಳಗೆ ಚರ್ಮ ಬೆಂದ ಹಾಗಿತ್ತು. ಆಮೇಲೆ ಗುತ್ಯಮ್ಮನ ಉಗುರಿನ ಬುಡ. ಆಮೇಲೆ ನಾನು. ನಾನು ಬಲಗೈಯಲ್ಲಿ ಕರಣಿ ಹಿಡಿದು, ಎಡ ಅಂಗೈಯಿಂದ ಅಚ್ಚಿನೊಳಕ್ಕೆ ಗಾರೆ ಒತ್ತುವವಳಲ್ಲವೇ, ಅದರ ಫಲ ಎಡ ಅಂಗೈಗೇ. ಹೊಸ ಸಿಮೆಂಟಿನ ಕಂಪನಿಯನ್ನು ಬೈದೆವು. ಮರಳನ್ನು ಬೈದೆವು. ಎದುರಿನ ಹೋಟೆಲಿನವನ ಕಣ್ಣು ಬಿತ್ತು ಎಂದು ಹೆಣ್ಣುಮಕ್ಕಳೆಲ್ಲ ಸೇರಿ ಮೆಣಸಿನಕಾಯಿ ನಿವಾಳಿಸಿದೆವು. ಘಾಟಿಗೆ ನಾವೇ ಕೆಮ್ಮಿದೆವು, ಅವನು ಆರಾಮಾಗಿ ಬೋಂಡ ಕರಿಯುತ್ತಿದ್ದ. ಸೀಮೆಎಣ್ಣೆ ಹಚ್ಚಿದವರುಂಟು, ಬ್ಯಾಟರಿ ಪುಡಿ ಒಂದೇ ಬಾಕಿ. ಉರಿ ಜಾಸ್ತಿಯಾದಾಗಲೆಲ್ಲ ಏನು ಮಾಡುತ್ತಿದ್ದೆವು ಹೇಳು? ಓಡಿ ಹೋಗಿ ತೊಟ್ಟಿಯಲ್ಲಿ ಕೈ ಅದ್ದುತ್ತಿದ್ದೆವು. ತಣ್ಣಗಿನ ನೀರು, ಆ ಗಳಿಗೆಗೆ ಹಾಯೆನಿಸುತ್ತಿತ್ತು. ಅದ್ದಿದಷ್ಟೂ ಉರಿ, ಉರಿದಷ್ಟೂ ಅದ್ದು. ಬಡ್ಡಿ ಕಟ್ಟಲು ಸಾಲ ಮಾಡುವವರ ಕಥೆ ನಮ್ಮದಾಗಿತ್ತು.

ದ್ಯಾಮಮ್ಮನಿಗೆ ಹಿಟ್ಟು ನಾದಲು ಆಗದೆ ಮನೆಯಲ್ಲಿ ಗಂಡ ರೊಟ್ಟಿ ತಟ್ಟಿದ. ಆ ರೊಟ್ಟಿ ತಿಂದಿದ್ದಕ್ಕಿಂತ ಕೈ ಉರಿಯೇ ವಾಸಿ ಎಂದು ಅವಳು ಹೇಳುವಾಗ ಎಲ್ಲರೂ ನಗುತ್ತಿದ್ದೆವು, ಯಾರ ಕೈಯೂ ಚಪ್ಪಾಳೆಗೆ ಬರುವ ಹಾಗಿರಲಿಲ್ಲ. ಗುತ್ಯಮ್ಮನಂತೂ, ಮಳೆ ಹಿಡಿದರೆ ತವರಿನ ಕಡೆ ನಾಟಿಗೆ ಹೋಗುತ್ತೇನೆ, ಈ ತೂತಿನ ಸಹವಾಸ ಸಾಕು ಅಂದುಬಿಟ್ಟಳು. ಅವಳು ಹೋದರೆ ಹಿಂದೆಯೇ ದ್ಯಾಮಮ್ಮ. ಆಮೇಲೆ ಅಂಗಳದಲ್ಲಿ ಅಚ್ಚುಗಳೂ ನಾನೂ.

ಆ ದಿನಗಳಲ್ಲೇ ಮಲೇರಿಯಾ ರಾಜಪ್ಪ ಬಂದ. ಮನೆಮನೆಗೆ ಬಂದು ನೀರಿನ ತೊಟ್ಟಿ ಇಣುಕಿ, ಸೊಳ್ಳೆಮರಿ ಇದ್ದರೆ ಬೈದು, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆದು ಹೋಗುತ್ತಾನಲ್ಲ, ಅವನೇ. ನಮ್ಮ ತೊಟ್ಟಿಗೆ ಟಾರ್ಚು ಬಿಟ್ಟ. ಸುತ್ತು ಹಾಕಿ ಇನ್ನೊಮ್ಮೆ ಬಿಟ್ಟ. "ಏನಮ್ಮಾ, ಇಡೀ ಊರಾಗೆ ಇಷ್ಟು ಕ್ಲೀನ್ ತೊಟ್ಟಿ ನಾ ನೋಡಿಲ್ಲ. ಮುಚ್ಚಳ ಇಲ್ಲ, ಏನಿಲ್ಲ, ಆದ್ರೂ ಒಂದು ಮರಿ ಇಲ್ಲ. ಸೊಳ್ಳೆನೂ ಬಾಯಿ ಹಾಕಲ್ಲಲ್ರೀ ಇದಕ್ಕೆ!" ಎಂದ. ನಾನು ಉಬ್ಬಿಹೋದೆ. ಚಹಾ ಕೊಡಿಸಿದೆ. ನನ್ನ ತೊಟ್ಟಿಗೆ ಸರ್ಕಾರದ ಸರ್ಟಿಫಿಕೇಟ್ ಎಂದು ಮನೆಯವರ ಹತ್ತಿರ ಎರಡು ದಿನ ಜಂಬ ಕೊಚ್ಚಿದೆ. ಸೊಳ್ಳೆ ಬೇಡ ಎಂದ ನೀರಲ್ಲಿ ನಾನು ಕೈ ತೊಳೆಯುತ್ತಿದ್ದೇನೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಜಂಬಕ್ಕೆ ಕಿವಿ ಇರುತ್ತದೆ, ಮೂಗಿರುವುದಿಲ್ಲ.

ಶಿವಮೊಗ್ಗದ ಚರ್ಮದ ಡಾಕ್ಟರಲ್ಲಿಗೂ ಹೋಗಿದ್ದೆ. ಏನು ಕೆಲಸ ಎಂದು ಕೇಳಿದರು, ತೂತು ಮಾಡುವ ಕೆಲಸ ಅಂದೆ. ಪಾಪ, ನಗಲಿಲ್ಲ. ಕೈಯನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿ, ಇದು ಸಿಮೆಂಟಿನ ಕೆಲಸ ಎಂದರು. ಹಸಿ ಗಾರೆ ಚರ್ಮಕ್ಕೆ ಅಂಟಿದ ಕೂಡಲೇ ಒಳ್ಳೆ ನೀರಲ್ಲಿ ತೊಳೆಯಬೇಕು, ಒರೆಸಬೇಕು, ಕೈಗೆ ರಬ್ಬರ್ ಗವುಸು ಹಾಕಬೇಕು ಎಂದರು. ತೊಟ್ಟಿ ತುಂಬ ನೀರೈತ್ರಿ ಸರ್, ಗಳಿಗೆಗೊಂದು ಸಲ ತೊಳೀತೀವಿ ಅಂದೆ. ಹಾಗಾದರೆ ಒಳ್ಳೆಯದು ಎಂದು ಮುಲಾಮು ಬರೆದುಕೊಟ್ಟರು. ಅವರು ನಮ್ಮ ತೊಟ್ಟಿ ನೋಡಿದವರಲ್ಲ, ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಇನ್ನೊಂದು ಮಾತನ್ನೂ ಹೇಳಿದರು. ಅದನ್ನು ಆಮೇಲೆ ಬರೆಯುತ್ತೇನೆ.

ಇನ್ನು ಮುಂದಿನದನ್ನು ಕೂತು ಓದು. ಮಗುವನ್ನು ಸಫೂರಾಳ ಕೈಗೆ ಕೊಟ್ಟು ಓದು.

ಮಳೆಗಾಲದ ಆರಂಭ. ಮುಲಾಮು ಮುಗಿದಿತ್ತು. ಅಜ್ಜಿ ಕಾಲದ ಔಷಧಿಯನ್ನೂ ನೋಡೋಣವೆಂದು ಬೆಳಿಗ್ಗೆ ಅರಿಶಿನವನ್ನು ನೀರಲ್ಲಿ ಕಲಸಿ ಎರಡೂ ಅಂಗೈಗೆ ಮೆತ್ತಿಕೊಂಡು, ಹಾಗೇ ಅಂಗಳಕ್ಕೆ ಹೋದೆ. ಒಂದು ಲೋಡು ಹೋಗಬೇಕಿತ್ತು. ತೊಟ್ಟಿಯಿಂದ ಜಾಲರಿ ಎತ್ತಲು ನಾನೊಂದು ಕಡೆ, ದ್ಯಾಮಮ್ಮ ಒಂದು ಕಡೆ ಬಗ್ಗಿದೆವು. ನೀರಿಗೆ ಕೈ ಹಾಕಿ ಹೊರಗೆ ತೆಗೆದೆ, ಕುಬ್ರಾ, ನನ್ನ ಎರಡೂ ಅಂಗೈ ಕೆಂಪು! ಹಳದಿ ಅನ್ನುವುದು ಎಳ್ಳಷ್ಟಿಲ್ಲ. ಬೆರಳ ತುದಿಯಿಂದ ಇಳಿದ ಹನಿ ಕೆಂಪು. ತೊಟ್ಟಿಯ ತಿಳಿನೀರಲ್ಲಿ ನನ್ನ ಕೈ ಆಡಿದ ಕಡೆಯೆಲ್ಲ ಕೆಂಪು ಹೊಗೆಯ ಹಾಗೆ ಸುರುಳಿ ಸುತ್ತುತ್ತಿತ್ತು. ದ್ಯಾಮಮ್ಮ ರಕ್ತ ರಕ್ತ ಎಂದು ಕಿರುಚಿ ಜಾಲರಿ ಬಿಟ್ಟಳು, ಅದು ನನ್ನ ಕಾಲಿಗೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ನಾನು ನೋಡುತ್ತಾ ನಿಂತೆ. ಹೊಸ ನೋವಿಲ್ಲ, ಗಾಯವಿಲ್ಲ.

ಗುತ್ಯಮ್ಮ ಚಪ್ಪಲಿ ಬಿಟ್ಟು ಬಂದು ಕೈ ಮುಗಿದಳು. "ಅಮ್ಮ ಬಂದಾಳೆ. ನಂಗೆ ಹೆಸ್ರು ಕೊಟ್ಟ ಗುತ್ತಿ ಅಮ್ಮನೇ ಬಂದಾಳೆ. ಎಲ್ಲರೂ ಚಪ್ಪಲಿ ಬಿಡಿ!" ಅಂದಳು. ಸರಿ, ಇನ್ನೇನು ಬೇಕು? ತೊಟ್ಟಿಯ ಕಟ್ಟೆಗೆ ಕುಂಕುಮ ಬಿತ್ತು. ಎದುರಿನ ಹೋಟೆಲಿನವನು, ಅದೇ ಕಣ್ಣು ಹಾಕಿದವನು, ತೆಂಗಿನಕಾಯಿ ತಂದ. ಹೋಗುವ ಬಸ್ಸು ನಿಧಾನ ಮಾಡಿ ನೋಡಿತು. ಯಾರೋ ಅರಿಶಿನ ತಂದು ಚೆಲ್ಲಿದರೆ ಅದೂ ಕೆಂಪು. ಚೆಲ್ಲಿದಷ್ಟೂ ಕೆಂಪು. ಜನ ಮೂಗಿನ ಮೇಲೆ ಬೆರಳಿಟ್ಟರು. ನಾನೂ ಇಟ್ಟವಳೇ, ನಿನ್ನ ಹತ್ತಿರ ಮುಚ್ಚುಮರೆ ಯಾಕೆ?

ಅಷ್ಟು ಹೊತ್ತಿಗೆ ನಮ್ಮ ಮನೆಯವರು ತಾಳಗುಂದದ ಹೊಲದಿಂದ ಬಂದರು. ಪರಮಶಿವಪ್ಪನವರ ಮಾತು ನಿನಗೆ ಗೊತ್ತಲ್ಲ, ತಿಂಗಳಿಗೆ ಒಂದು ಹಿಡಿ. ಜನರ ಸಂದಿಯಲ್ಲಿ ತಲೆ ಹಾಕಿ ನೋಡಿದರು. ಗುತ್ಯಮ್ಮ ತಟ್ಟೆಯಲ್ಲಿ ಆರತಿ ಹಿಡಿದು ತೊಟ್ಟಿಗೆ ಎತ್ತುತ್ತಿದ್ದಳು. ಇವರು ತಟ್ಟೆ ನೋಡಿದರು, ತೊಟ್ಟಿ ನೋಡಿದರು. "ಇದೇನ್ರೇ ಇದು, ಆರತಿ ನೀರಿಗೇ ಆರತಿ ಎತ್ತೀರಲ್ಲ?" ಅಂದು, ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡು, ಊಟಕ್ಕೆ ಏನಿದೆ ಎಂದು ಕೇಳಿದರು.

ಕುಬ್ರಾ, ಆ ಮಾತು ನನ್ನ ನೆತ್ತಿಯಿಂದ ಅಂಗಾಲಿಗೆ ಇಳಿಯಿತು. ತಟ್ಟೆಯಲ್ಲಿದ್ದ ನೀರೂ ತೊಟ್ಟಿಯಲ್ಲಿದ್ದ ನೀರೂ ಒಂದೇ ಕೆಂಪು. ತಟ್ಟೆಯ ಕೆಂಪು ಹೇಗೆ ಬರುತ್ತದೆ? ಮದುವೆಯಲ್ಲಿ, ತೊಟ್ಟಿಲಲ್ಲಿ, ಬಾಗಿಲಿಗೆ ಬಂದ ಸೊಸೆಗೆ, ಹುಟ್ಟಿದಾಗಿನಿಂದ ಕಲಸಿ ಕಲಸಿ ಇಟ್ಟಿದ್ದೇನೆ. ನೀರಿಗೆ ಅರಿಶಿನ, ಅದಕ್ಕೊಂದು ಚಿಟಿಕೆ ಸುಣ್ಣ. ಸುಣ್ಣ ಬಿದ್ದರೆ ಅರಿಶಿನ ಕೆಂಪಾಗುತ್ತದೆ. ತೊಟ್ಟಿಗೆ ಅರಿಶಿನ ಹಾಕಿದವಳು ನಾನು. ಸುಣ್ಣ ಹಾಕಿದವರು ಯಾರು?

ಯಾರೂ ಹಾಕಿಲ್ಲ. ಜಾಲರಿಯೇ ಬಿಟ್ಟಿದೆ, ಸಿಮೆಂಟು ಅಂದರೆ ಸುಣ್ಣದ ಕಲ್ಲು ಸುಟ್ಟು ಮಾಡಿದ್ದೇ ಅಲ್ಲವೇ. ವರ್ಷಗಟ್ಟಲೆ ಸಿಮೆಂಟು ಆ ನೀರಲ್ಲಿ ಕೂತು ತನ್ನ ಖಾರವನ್ನೆಲ್ಲ ಬಿಟ್ಟಿದೆ, ನೀರು ಮಾತ್ರ ಹಸುಗೂಸಿನ ಕಣ್ಣಿನ ಹಾಗೆ ತಿಳಿಯಾಗಿಯೇ ನಿಂತಿದೆ.

ನಾನು ಚಪ್ಪರದ ಕೆಳಗೆ ಹೋಗಿ, ಗೋಣಿಚೀಲ ಎತ್ತಿ ಎಸೆದು, ನಿನ್ನ ಹಸಿರು ಕೊಡ ತೆಗೆದುಕೊಂಡು ರಸ್ತೆ ದಾಟಿದೆ. ಕೈಪಂಪು ಒತ್ತುವಾಗ ಅಂಗೈ ಬಿರಿದು ಕಣ್ಣಲ್ಲಿ ನೀರು ಬಂತು, ಬರಲಿ ಎಂದೆ. ತಂದು ಎರಡು ಲೋಟ ಇಟ್ಟೆ. ಒಂದಕ್ಕೆ ತೊಟ್ಟಿ ನೀರು, ಒಂದಕ್ಕೆ ನಿನ್ನ ಕೊಡದ ನೀರು. ನೋಡಲಿಕ್ಕೆ ಅವಳಿ ಮಕ್ಕಳು. ಎರಡಕ್ಕೂ ಚಿಟಿಕೆ ಅರಿಶಿನ ಉದುರಿಸಿದೆ. ಒಂದು ಕುಂಕುಮದ ಹಾಗಾಯಿತು. ಇನ್ನೊಂದು ಹಳದಿಯಾಗಿಯೇ ಉಳಿಯಿತು.

ನಾನು ಆ ಎರಡು ಲೋಟಗಳ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ನೀನು ನಾಲಿಗೆ ತುದಿಗೆ ಹಚ್ಚಿ ಉಗುಳಿದ್ದು ನೆನಪಾಯಿತು. ಸೊಳ್ಳೆಯೂ ಬಾಯಿ ಹಾಕಲ್ಲ ಎಂದ ರಾಜಪ್ಪ ನೆನಪಾದ. ದೇವರ ಮುಂದೆ ನಿಲ್ಲುವ ಮೊದಲು ನೀನು ಬೇಡ ಎಂದ ನೀರು. ಕೊಚ್ಚೆಯಲ್ಲಿ ಸಂಸಾರ ಮಾಡುವ ಸೊಳ್ಳೆಯೂ ಬೇಡ ಎಂದ ನೀರು. ನಾವು ಬುದ್ಧಿವಂತರು, ಬಿರಿದ ಕೈಗೆ ಅದನ್ನೇ ಔಷಧಿ ಮಾಡಿಕೊಂಡಿದ್ದೆವು. ನೀನಿದ್ದಾಗಲೂ ಅದ್ದುತ್ತಿದ್ದೆವು, ನಿಜ. ಆದರೆ ಊಟಕ್ಕೆ ಮೊದಲೊಂದು ಸಲ, ಚಹಾಕ್ಕೆ ಮೊದಲೊಂದು ಸಲ ನಿನ್ನ ಕೊಡ ಅದನ್ನು ತೊಳೆದು ಕಳಿಸುತ್ತಿತ್ತು. ಸುಣ್ಣ ದಿನಾ ಬಾಕಿ ಬರೆಯುತ್ತಿತ್ತು, ನೀನು ದಿನಾ ಹೊಡೆದುಹಾಕುತ್ತಿದ್ದೆ. ನೀನು ಹೋದ ಮೇಲೆ ಹೊಡೆದುಹಾಕುವವರಿಲ್ಲದೆ ಬಾಕಿ ಬೆಳೆಯಿತು.

ಗುತ್ಯಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಕೇಳಿದಳು, ಎರಡು ಲೋಟವನ್ನೂ ಮೂಸಿದಳು. "ಹಂಗಾದ್ರೆ ಅಮ್ಮ ಬರ್ಲಿಲ್ಲ ಅಂತೀಯಾ? ಇಷ್ಟು ದಿನ ಕಾಣದೇ ಇದ್ದ ಸುಣ್ಣಾನ ನಿಂಗೆ ಕಣ್ಣಿಗೆ ಕಾಣೋ ಹಂಗೆ ತೋರಿಸ್ದೋರು ಯಾರು ಮತ್ತೆ, ನಿನ್ನ ಗಂಡನಾ?" ಎಂದಳು. ಸುಣ್ಣ ಎಂದು ತಿಳಿದ ಮೇಲೆ ಬೆರಗು ಇಳಿಯಬೇಕಿತ್ತಲ್ಲ, ಇಳಿಯಲಿಲ್ಲ ಕುಬ್ರಾ, ಏರಿತು. ಪ್ರತಿ ಶುಭಕಾರ್ಯದಲ್ಲಿ ಕಣ್ಣ ಮುಂದೆಯೇ ಕೆಂಪಾಗುತ್ತಿದ್ದದ್ದು, ಇಷ್ಟು ಕಾಲ ನಮಗೆ ಏನೋ ಹೇಳುತ್ತಲೇ ಇತ್ತು!

ಈಗ ಅಂಗಳದ ಪದ್ಧತಿ ಕೇಳು, ನಿನಗೆ ನಗು ಬರುತ್ತದೆ. ತೊಟ್ಟಿ ಜಾಲರಿಗೆ ಮಾತ್ರ. ಎತ್ತಿ ಇಳಿಸುವುದಕ್ಕೆ ಇಕ್ಕಳ ಮಾಡಿಸಿದ್ದೇನೆ. ಅಂಗೈಯಿಂದ ಗಾರೆ ಒತ್ತುವುದು ನಿಂತಿದೆ, ಹಿಡಿ ಇರುವ ಮರದ ತುಂಡಿನಿಂದ ಒತ್ತುತ್ತಾರೆ. ಮೊದಲ ವಾರ ಜಾಲರಿಗಳೆಲ್ಲ ಸೊಟ್ಟಮೂತಿ ಮಾಡಿಕೊಂಡು ಹುಟ್ಟಿದವು, ಈಗ ಸುಧಾರಿಸಿವೆ. ಗವುಸು ತರಿಸಿದೆ. ಮೊದಲು ತಂದದ್ದು ಗಂಡಸರ ಅಳತೆ, ಬಾಯಿ ಅಗಲ. ಗಾರೆ ಒಳಗೇ ಇಳಿದು ಕೈಯ ಜೊತೆ ಸಂಸಾರ ಹೂಡಿತು, ಬರಿಗೈಗಿಂತ ಅದೇ ಕೆಟ್ಟದ್ದಾಯಿತು. ಈಗ ಮೊಣಕೈ ಹತ್ತಿರ ಬಿಗಿಯಾಗಿ ಕೂರುವ ಸಣ್ಣ ಅಳತೆಯದು ಬಂದಿದೆ. ಅದನ್ನು ಬಿಚ್ಚುವ ಮೊದಲು ಹೊರಗಿನಿಂದ ತೊಳೆಯಬೇಕು, ಇಲ್ಲದಿದ್ದರೆ ಬಿಚ್ಚುವ ಕೈಗೆ ಮೆತ್ತಿಕೊಳ್ಳುತ್ತದೆ. ದ್ಯಾಮಮ್ಮನ ಉಂಗುರ ಕೆಲಸದ ಹೊತ್ತಿನಲ್ಲಿ ಸೆರಗಿನ ಗಂಟಿನಲ್ಲಿರುತ್ತದೆ. ಹೋಗುವಾಗ ಎಲ್ಲರೂ ಕೈ ಒರೆಸಿ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ. ಎಣ್ಣೆ ಸೀಸೆ ನನ್ನದೇ, ನಾನು ಅಳೆದು ಕೊಡುವುದಿಲ್ಲ ಎಂಬುದನ್ನು ನೀನು ನಂಬಬೇಕು.

ಎಲ್ಲಕ್ಕಿಂತ ದೊಡ್ಡ ತಮಾಷೆ ಅರಿಶಿನದ್ದು. ಕೈ ತೊಳೆದಾಯಿತು ಎಂದು ಯಾರು ಹೇಳಿದರೂ ನಾನು ನಂಬುವವಳೇ? ಅಂಗೈ ಮೇಲೆ ಒಂದು ಬೊಟ್ಟು ಒದ್ದೆ ಅರಿಶಿನ ಇಡುತ್ತೇನೆ. ಹಳದಿಯಾಗಿ ಉಳಿದರೆ ಊಟಕ್ಕೆ ಹೋಗು, ಕೆಂಪಾದರೆ ಹಿಂದಕ್ಕೆ ಹೋಗು. ಬೆರಳ ಸಂದಿಯಲ್ಲೇ ಕಳ್ಳ ಸಿಕ್ಕಿಬೀಳುತ್ತಾನೆ. ದ್ಯಾಮಮ್ಮ, "ದಿನಾ ಅರಿಶಿನ ಹಚ್ಚಿ ಕೈ ನೋಡ್ತಾಳ, ಈ ವಯಸ್ಸಿಗೆ ಮದುವಿ ಹೆಣ್ಣಾದೆ ನೋಡ್ರೇ," ಎಂದು ಗೊಣಗುತ್ತಲೇ ಕೈ ಚಾಚುತ್ತಾಳೆ. ಮೊನ್ನೆ ಅವಳ ಬೆರಳು ನೋಡಿದೆ. ಉಂಗುರದ ಜಾಗದಲ್ಲಿ ಹೊಸ ಚರ್ಮ, ತೆಳ್ಳಗೆ, ಹೊಳಪು, ನಿನ್ನ ಮೊಮ್ಮಗನ ಕೆನ್ನೆ ಇರಬೇಕು ಹಾಗೆ. ಗುತ್ಯಮ್ಮನ ಉಗುರು ಬುಡದಿಂದ ಹೊಸದಾಗಿ ಬರುತ್ತಿದೆ. ಅವಳೀಗ ನಾಟಿಯ ಸುದ್ದಿ ಎತ್ತುವುದಿಲ್ಲ. ಒಂದು ಕೈ ತನ್ನನ್ನು ತಾನೇ ಮತ್ತೆ ಹೊಲಿದುಕೊಳ್ಳುತ್ತದೆ. ಸೂಜಿ ಇಲ್ಲ, ದಾರ ಇಲ್ಲ, ಕೂಲಿ ಕೇಳುವುದಿಲ್ಲ. ನಾವು ಮಾಡಬೇಕಾದದ್ದು ಇಷ್ಟೆ, ಅದು ಹೊಲಿಯುವಾಗ ಸುಣ್ಣ ಸುರಿಯದೆ ಇರುವುದು. ಇಂಥ ಕೆಲಸಗಾರ ಯಾವ ಅಂಗಳದಲ್ಲಿ ಸಿಗುತ್ತಾನೆ ಹೇಳು?

ತೊಳೆಯುವ ಹೊತ್ತು ಯಾವುದು ಎಂದು ಗಡಿಯಾರ ನೋಡುವ ಕಷ್ಟ ಇಟ್ಟುಕೊಂಡಿಲ್ಲ. ಮಸೀದಿಯ ಬಾಂಗ್ ಕೇಳಿಸಿದ ಕೂಡಲೇ ಎಲ್ಲರೂ ಕರಣಿ ಕೆಳಗಿಟ್ಟು ಕೊಡದ ಹತ್ತಿರ ಬರುತ್ತಾರೆ. ನೀನಿದ್ದಾಗ ಒಬ್ಬಳೇ ಏಳುತ್ತಿದ್ದೆ. ಈಗ ಇಡೀ ಅಂಗಳ ಏಳುತ್ತದೆ. ನಮಾಜ್ ನಮಗೆ ಬರುವುದಿಲ್ಲ, ತೊಳೆಯುವುದು ಮಾತ್ರ ನಿನ್ನ ಹಾಗೇ, ಮೊಣಕೈವರೆಗೆ.

ಸಫೂರಾಗೆ, ಸುಹೇಲನಿಗೆ ನನ್ನ ಆಶೀರ್ವಾದ. ಮಗುವಿನ ಹಲ್ಲಿಗೆ ದೃಷ್ಟಿ ತೆಗೆ, ನಾನು ಇಷ್ಟು ಹೊತ್ತು ಅದರ ಬಗ್ಗೆ ಯೋಚಿಸುತ್ತಲೇ ಬರೆದಿದ್ದೇನೆ.

ನಿನ್ನ ಕೊಡವನ್ನು ಹಿಂದಿರುಗಿಸುವ ಯೋಚನೆ ಎಳ್ಳಷ್ಟೂ ಇಲ್ಲದ,
ನೀಲಕ್ಕ

ಮತ್ತೆ ಬರೆದದ್ದು: ನನ್ನ ಕೈ ಹೇಗಿದೆ ಎಂಬುದಕ್ಕೆ ಉತ್ತರ ಬಂದಿಲ್ಲ ಎಂದು ನೀನು ಹಾಳೆ ತಿರುಗಿಸುತ್ತಿರುತ್ತೀಯ. ಡಾಕ್ಟರು ಹೇಳಿದ ಇನ್ನೊಂದು ಮಾತು ಇದು: ಉಳಿದವರ ಕೈ ತೊಳೆದರೆ ಉಳಿಯುತ್ತದೆ ತಾಯಿ, ನಿಮ್ಮ ಕೈಗೆ ಸಿಮೆಂಟಿನ ಮೇಲೆ ಹಗೆ ಹುಟ್ಟಿಬಿಟ್ಟಿದೆ, ವಾಸಿಯಾದರೂ ಆ ಹಗೆ ಮರೆಯುವುದಿಲ್ಲ, ಇನ್ನು ಮುಟ್ಟಬೇಡಿ. ನಾನು ಕದ್ದು ಎರಡು ಸಲ ಮುಟ್ಟಿ ನೋಡಿದೆ, ಎರಡು ಸಲವೂ ಡಾಕ್ಟರೇ ಗೆದ್ದರು. ಹಾಗಾಗಿ ನಮ್ಮ ಮೊದಲ ಅಚ್ಚಿನ ಮುಂದೆ ಈಗ ಗುತ್ಯಮ್ಮ ಕೂರುತ್ತಾಳೆ. ಅಂಗಳದಲ್ಲಿ ನನಗೆ ಉಳಿದಿರುವ ಕೆಲಸ ಒಂದೇ, ರಸ್ತೆ ದಾಟಿ ನೀರು ತರುವುದು, ಎಲ್ಲರ ಕೈ ಮೇಲೆ ಹೊಯ್ಯುವುದು. ಗುತ್ಯಮ್ಮ ನನ್ನನ್ನು ರಾಣಿ ಸಾಹೇಬ್ರು ಎಂದು ಕರೆಯುತ್ತಾಳೆ. ಇವತ್ತು ಬೆಳಿಗ್ಗೆ ಕರಡಿಗೆ ಬಿಚ್ಚಿದೆ. ಲಿಂಗ ಅಂಗೈ ಮೇಲೆ ಕೂತಿತು. ನೀರೆರೆದೆ, ಉರಿಯಲಿಲ್ಲ. ಬಹಳ ಹೊತ್ತು ನೋಡುತ್ತಾ ಕೂತಿದ್ದೆ ಕುಬ್ರಾ, ತಿಂಡಿ ಆರಿಹೋಯಿತು. ಎರೆದದ್ದು ನಿನ್ನ ಕೈಪಂಪಿನ ನೀರು.